ಬಸ್ಸು ಅಂಚಿಗೆ ಬರಬೇಕು: ಒಂದು ಸ್ಟಾಪ್ ಸರಿಮಾಡಿದ ಲೆಕ್ಕ

ಲೋ ಫ್ಲೋರ್ ಬಸ್ಸಿನ ನೆಲ ರಸ್ತೆಯಿಂದ 400 ಮಿ.ಮೀ. ಎತ್ತರ. ಮಧ್ಯದ ಬಾಗಿಲಲ್ಲಿ ಮಡಚಿಟ್ಟಿರುವ ರ‍್ಯಾಂಪ್ ಸುಮಾರು 900 ಮಿ.ಮೀ. ಉದ್ದ. ಅದನ್ನು ಡಾಂಬರಿನ ಮೇಲೇ ಬಿಡಿಸಿದರೆ ಏರು 1:2.25. ಗಾಲಿಕುರ್ಚಿಯನ್ನು ಇಬ್ಬರು ತಳ್ಳಿದರೂ ಹತ್ತಿಸುವುದು ಕಷ್ಟ, ಇಳಿಸುವುದು ಇನ್ನೂ ಅಪಾಯ. ಅದೇ ರ‍್ಯಾಂಪನ್ನು 150 ಮಿ.ಮೀ. ಎತ್ತರದ ಫುಟ್‌ಪಾತ್ ಮೇಲೆ ಬಿಡಿಸಿ, ಬಸ್ಸು ಒಂದು ಬದಿಗೆ 70 ಮಿ.ಮೀ. ತಗ್ಗಿದರೆ ಹತ್ತಬೇಕಾದದ್ದು 180 ಮಿ.ಮೀ. ಮಾತ್ರ, ಏರು 1:5. ಒಬ್ಬರ ಸಹಾಯ ಸಾಕು. ಬೆಂಗಳೂರಿಗೆ ಇಂಥ ಬಸ್ಸು ಬಂದದ್ದು 2006ರಲ್ಲಿ. ಬಸ್ಸು ಅಂದೇ ತಯಾರಿತ್ತು. ಅದು ಬಂದು ನಿಲ್ಲುವ ಅಂಚು ಇನ್ನೂ ಬಹಳ ಕಡೆ ತಯಾರಾಗಿಲ್ಲ.

ಸರಿಮಾಡಲು ನಮ್ಮ ಕೈಗೆ ಬಂದದ್ದು ನಗರದ ಮಾಮೂಲಿ ರಸ್ತೆಯ ಮಾಮೂಲಿ ಸ್ಟಾಪ್. ನಕ್ಷೆ ಬರೆಯುವ ಮೊದಲು ಮೂರು ದಿನ ಬೆಳಿಗ್ಗೆ ಸಂಜೆ ಸೀಮೆಸುಣ್ಣ, ಟೇಪು ಹಿಡಿದು ನಿಂತೆವು. ಪ್ರತಿ ಬಸ್ಸಿಗೂ ಮೂರೇ ವಿವರ: ಮಧ್ಯದ ಬಾಗಿಲು ಎಲ್ಲಿಗೆ ಬಂತು, ಅಂಚಿಗೂ ಬಾಗಿಲಿಗೂ ಎಷ್ಟು ಅಂತರ, ಅಷ್ಟು ದೂರ ನಿಲ್ಲಲು ಕಾರಣವೇನು. ಈ ಪಟ್ಟಿ ಇಲ್ಲದೆ ಕೆಲಸ ಶುರುಮಾಡಬಾರದು. ಒಂದೂವರೆ ಮೀಟರಿಗಿಂತ ಹತ್ತಿರ ಬಂದ ಬಸ್ಸು ಅಪರೂಪ. ಕಾರಣದ ಕಾಲಂನಲ್ಲಿ ಮತ್ತೆ ಮತ್ತೆ ಬಂದದ್ದು ಎರಡೇ: ಬಸ್ ಬೇಯೊಳಗೆ (ಬಸ್ಸು ನಿಲ್ಲಲೆಂದು ಫುಟ್‌ಪಾತನ್ನು ಒಳಕ್ಕೆ ಸರಿಸಿ ಬಿಟ್ಟ ಜಾಗ) ನಿಂತ ಆಟೋ, ಕಾರು; ಒಳಗೆ ಹೋದರೆ ಮತ್ತೆ ಹೊರಗೆ ಬರಲು ಯಾರೂ ದಾರಿ ಬಿಡರು ಎಂಬ ಚಾಲಕರ ಅಂದಾಜು. ಆ ಅಂದಾಜು ನೂರಕ್ಕೆ ನೂರು ಸರಿ.

ಆದ್ದರಿಂದ ಬೇ ಮುಚ್ಚಿದೆವು. ಮುಚ್ಚಿದ್ದಷ್ಟೇ ಅಲ್ಲ, ಫುಟ್‌ಪಾತನ್ನೇ ಪಾರ್ಕಿಂಗ್ ಪಟ್ಟಿಯಷ್ಟು, ಅಂದರೆ 2 ಮೀಟರ್, ರಸ್ತೆಯ ಕಡೆಗೆ ಚಾಚಿದೆವು. 12 ಮೀಟರ್ ಬಸ್ಸಿಗೆ 15 ಮೀಟರ್ ನೇರ ಅಂಚು ಬೇಕು; ಒಟ್ಟಿಗೆ ಎರಡು ಬಸ್ಸು ಬರುವ ಕಡೆ 28. ಈಗ ಬಸ್ಸು ತನ್ನ ಸಾಲಿನಲ್ಲೇ ನೆಟ್ಟಗೆ ಬಂದು ನಿಲ್ಲುತ್ತದೆ, ಸ್ಟೇರಿಂಗ್ ತಿರುಗಿಸುವ ಪ್ರಶ್ನೆಯೇ ಇಲ್ಲ. ಹಿಂದಿನ ವಾಹನ ಕಾಯಬೇಕಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಕಾಯಲಿ. ಒಂದು ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ. ಇನ್ನೊಂದು ಲಾಭ ನಕ್ಷೆಯಲ್ಲಿ ಕಾಣದು: ಬಸ್ಸಿಗೂ ಫುಟ್‌ಪಾತಿಗೂ ನಡುವೆ ಎಡದಿಂದ ನುಗ್ಗುವ ಬೈಕಿಗೆ ಜಾಗವೇ ಉಳಿಯುವುದಿಲ್ಲ. ಇಳಿಯುವವರಿಗೆ ದೊಡ್ಡ ಭಯ ಅದೇ.

ನೀರಿನ ವಿಷಯದಲ್ಲಿ ನಾವು ಎಡವಿದೆವು. ರಸ್ತೆಯಂಚಿನಲ್ಲಿ ಹರಿದು ಬರುವ ನೀರಿಗೆ ಚಾಚಿದ ಫುಟ್‌ಪಾತ್ ಒಂದು ಒಡ್ಡು. ಮೋರಿಗೆ ನೀರು ಇಳಿಯುವ ಬಾಯಿಯನ್ನು ಹಳೆಯ ಜಾಗದಲ್ಲೇ, ಅಂದರೆ ಸ್ಟಾಪಿನ ತಗ್ಗಿನ ಕಡೆ ಬಿಟ್ಟಿದ್ದೆವು. ಮೊದಲ ಮಳೆಗೇ ಮೇಲಿನ ಕಡೆ ಕೊಳವಾಯಿತು, ಜನ ಹಾರಿ ದಾಟಬೇಕಾಯಿತು. ನೀರು ಬಂದು ತಡೆಯುವುದು ಏರಿನ ಕಡೆ. ಬಾಯಿ ಅಲ್ಲಿಯೇ ಇರಬೇಕು. ಜಾಲರಿಯ ಪಟ್ಟಿಗಳು ನಡೆಯುವ ದಿಕ್ಕಿಗೆ ಅಡ್ಡ ಬರುವಂತೆ ಕೂರಿಸಬೇಕು, ಸಂದು 12 ಮಿ.ಮೀ. ಮೀರಬಾರದು. ಉದ್ದುದ್ದಕ್ಕೆ ಕೂರಿಸಿದರೆ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ, ಸೈಕಲ್ಲಿನದೂ ಅಷ್ಟೇ. ಮೋರಿಯ ಮೇಲಿನ ಚಪ್ಪಡಿಗಳ ಸಂದಿಗೂ ಇದೇ ಲೆಕ್ಕ.

ಬಸ್ಸು ನಿಲ್ಲುವ ಜಾಗದಲ್ಲಿ ಡಾಂಬರು ಬಾಳುವುದಿಲ್ಲ. ಭಾರದ ಬಸ್ಸು ದಿನವಿಡೀ ಅದೇ ಜಾಗದಲ್ಲಿ ಬ್ರೇಕ್ ಹಾಕಿದರೆ ಡಾಂಬರು ಅಲೆಯಾಗಿ ಮುಂದಕ್ಕೆ ಸರಿಯುತ್ತದೆ. ಚೆಲ್ಲಿದ ಡೀಸೆಲ್ ಉಳಿದದ್ದನ್ನು ಕರಗಿಸುತ್ತದೆ. ಹಳ್ಳಕ್ಕೆ ಇಳಿದ ಬಸ್ಸಿನ ನೆಲ ಅಂಚಿನ ಜೊತೆ ಓರೆಯಾಗಿ, ರ‍್ಯಾಂಪಿನ ಒಂದು ಮೂಲೆ ಗಾಳಿಯಲ್ಲಿ ನಿಲ್ಲುತ್ತದೆ. ಅಷ್ಟು ಉದ್ದಕ್ಕೆ ಎಂ40 ದರ್ಜೆಯ ಗಟ್ಟಿ ಕಾಂಕ್ರೀಟ್ ಹಾಕಿ, ಎರಡು ವಾರ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಿದೆವು. ಬೇಗ ಬಿಟ್ಟುಕೊಡಿ ಎಂಬ ಒತ್ತಡ ಬರುವುದು ಈ ಹೊತ್ತಿನಲ್ಲೇ. ಮಣಿಯಬೇಡಿ. ಕಾಂಕ್ರೀಟಿನಿಂದ ಇನ್ನೊಂದು ಉಪಕಾರವಿದೆ: ಅಲ್ಲಿ ಯಾರೂ ಮೇಲೆ ಮೇಲೆ ಡಾಂಬರು ಬಳಿಯುವುದಿಲ್ಲ. ಹಳೆಯದನ್ನು ಕೆರೆದು ತೆಗೆಯದೆ ಒಂದು ಪದರ ಹಾಕಿದರೆ ರಸ್ತೆ 40ರಿಂದ 50 ಮಿ.ಮೀ. ಏರುತ್ತದೆ. 150ರ ಅಂಚು 100 ಆಗುತ್ತದೆ, ಎರಡನೇ ಪದರಕ್ಕೆ 50. ಕಟ್ಟಿದ ಎತ್ತರ ಯಾರೂ ಒಡೆಯದೆಯೇ ಮಾಯ.

ಇನ್ನೂ ಎತ್ತರಿಸಿ 250 ಮಾಡಿದರಾಗದೇ? ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ ಸಾರಿಗೆಯಲ್ಲಿ (ಬಿಆರ್‌ಟಿಎಸ್) 2018ರಿಂದ ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿವೆ. ಅಲ್ಲಿ ದಾರಿಯೂ ಪ್ರತ್ಯೇಕ, ಬಸ್ಸೂ ಅದಕ್ಕೆಂದೇ ಬಂದದ್ದು. ಮಾಮೂಲಿ ರಸ್ತೆಯಲ್ಲಿ ಮೆಟ್ಟಿಲಿನ ಬಸ್ಸೂ ಅದೇ ಸ್ಟಾಪಿಗೆ ಬರುತ್ತದೆ. ಫುಟ್‌ಪಾತ್ 150 ಮಿ.ಮೀ. ಮೀರಬಾರದೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 ಹೇಳುತ್ತದೆ. ರಸ್ತೆಯಿಂದ ಫುಟ್‌ಪಾತಿಗೆ ಹತ್ತುವ ಇಳಿಜಾರಿನ ಲೆಕ್ಕವೂ ಇದೆ: 1:12ರಂತೆ 150ಕ್ಕೆ 1.8 ಮೀಟರ್ ಉದ್ದ ಸಾಕು, 250ಕ್ಕೆ 3 ಮೀಟರ್ ಬೇಕು. ಇಕ್ಕಟ್ಟಾದ ಫುಟ್‌ಪಾತಿನಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು?

ಇಳಿಜಾರಿನ ಅಗಲ 1.2 ಮೀಟರ್. ಅದರ ಬುಡ ರಸ್ತೆಯನ್ನು ಕೂಡುವಲ್ಲಿ ಮೇಸ್ತ್ರಿಗಳು ಅಭ್ಯಾಸಬಲದಿಂದ ಒಂದು ಇಂಚಿನ ತುಟಿ ಬಿಡುತ್ತಾರೆ, ನೀರು ಒಳಗೆ ಬರಬಾರದೆಂದು. ಆ ಒಂದು ಇಂಚಿಗೇ ಗಾಲಿ ಮುಗ್ಗರಿಸುತ್ತದೆ. ರಸಮಟ್ಟ ಇಟ್ಟು ನಾವೇ ನಿಂತು ಸರಿಮಾಡಿಸಿದೆವು. ಬೈಕು ಹತ್ತದಂತೆ ನೆಡುವ ಗೂಟಗಳ ನಡುವೆ 900 ಮಿ.ಮೀ. ಬಿಡಲೇಬೇಕು. ಅಷ್ಟರಲ್ಲಿ ಬೈಕೂ ತೂರುತ್ತದೆ ನಿಜ. ಸಂದು ಕಿರಿದು ಮಾಡಿದರೆ ಬೈಕಿನ ಜೊತೆ ಗಾಲಿಕುರ್ಚಿಯೂ ಹೊರಗೇ ಉಳಿಯುತ್ತದೆ. ಇದಕ್ಕೆ ಪೂರ್ತಿ ಪರಿಹಾರ ನಮಗೆ ಸಿಕ್ಕಿಲ್ಲ.

ದೃಷ್ಟಿ ಇಲ್ಲದವರಿಗಾಗಿ ಹಾಕುವ ಹಳದಿ ಹೆಂಚು 300 ಮಿ.ಮೀ. ಚೌಕ. ಉದ್ದ ಗೆರೆಯದು ಮುಂದೆ ನಡೆಯಿರಿ ಎನ್ನುತ್ತದೆ, ಗುಂಡು ಚುಕ್ಕಿಯದು ನಿಲ್ಲಿ ಎನ್ನುತ್ತದೆ. ಅಂಗಡಿಯಲ್ಲಿ ಯಾವುದು ಇತ್ತೋ ಅದನ್ನೇ ಉದ್ದಕ್ಕೂ ಹಾಕಿ ಮುಗಿಸುವುದು ಸಾಮಾನ್ಯ. ಗೆರೆಯ ಸಾಲು ಗೋಡೆ, ಕಂಬಗಳಿಂದ ಕನಿಷ್ಠ 600 ಮಿ.ಮೀ. ದೂರ ಸಾಗಿ, ಮಧ್ಯದ ಬಾಗಿಲಿಗಲ್ಲ, ಮುಂದಿನ ಬಾಗಿಲಿಗೆ ಒಯ್ಯಬೇಕು. ನಂಬರು ಯಾವುದೆಂದು ಅವರು ಚಾಲಕರನ್ನೇ ಕೇಳುವುದು. ತಂಗುದಾಣದ ಸೂರನ್ನು ಅಂಚಿನಿಂದ 600 ಮಿ.ಮೀ. ಒಳಗಿಡಿ, ಇಲ್ಲದಿದ್ದರೆ ಬಸ್ಸಿನ ಕನ್ನಡಿ ಬಡಿಯುತ್ತದೆ. ಹಾಗೆ ಒಮ್ಮೆ ಬಡಿದ ಚಾಲಕರು ಮತ್ತೆ ಅಂಚಿಗೆ ಬರುವುದಿಲ್ಲ.

ಬಸ್ಸು ಬರುವ ಸಮಯ ತೋರಿಸುವ ಎಲ್‌ಇಡಿ ಫಲಕ ತರಿಸುವಾಗ 16 ಸಾಲು ಚುಕ್ಕಿಯದು ಬೇಡ. ಇಂಗ್ಲಿಷಿಗೆ ಅದು ಸಾಕು, ಕನ್ನಡದ ಒತ್ತಕ್ಷರ ಅದರಲ್ಲಿ ಕಲೆಸಿಹೋಗುತ್ತದೆ; ‘ಮೆಜೆಸ್ಟಿಕ್’ನ ‘ಸ್ಟಿ’ ಬರೀ ಒಂದು ಮಚ್ಚೆ. 32 ಸಾಲಿನದು ಕೇಳಿ. ಪಶ್ಚಿಮಕ್ಕೆ ಮುಖ ಮಾಡಿ ಹಾಕಿದರೆ ಸಂಜೆ ಬಿಸಿಲಿಗೆ ಯಾವ ಫಲಕವೂ ಕಾಣದು.

ಎಲ್ಲ ಮುಗಿದ ಮೇಲೆ ಮಧ್ಯದ ಬಾಗಿಲು ಬರಬೇಕಾದ ಕಡೆ ಅಂಚುಗಲ್ಲಿಗೆ ನೀಲಿ ಬಣ್ಣ ಬಳಿದೆವು. ಪರೀಕ್ಷೆಗೆ ಗಾಲಿಕುರ್ಚಿಯಲ್ಲಿ 25 ಕೆ.ಜಿ.ಯ ಮೂರು ಅಕ್ಕಿಚೀಲ ಕಟ್ಟಿ, ಒಬ್ಬರೇ ಹತ್ತಿಸಿ ಇಳಿಸಿದೆವು. ಚೀಲ ಹೇಳುವುದು ತೂಕವನ್ನು ಮಾತ್ರ. ಕುರ್ಚಿ ದಿನವೂ ಬಳಸುವವರು ಬಂದು ಹತ್ತಿದಾಗಲೇ ಗೊತ್ತಾದದ್ದು: ರ‍್ಯಾಂಪಿನ ಎದುರು ತಿರುಗಿಕೊಳ್ಳಲು ಒಂದೂವರೆ ಮೀಟರ್ ಬಯಲು ಬೇಕು, ಅಲ್ಲಿ ನಾವು ಕಸದ ಡಬ್ಬಿ ನಿಲ್ಲಿಸಿದ್ದೆವು.