ಫೇವರಿಟ್ ಎರಡನೇ ಜಾಗಕ್ಕೆ: ಕೊನೆಗೂ ನನ್ನ ಕೈಹಿಡಿದ ಬೆಟ್

ಕುದುರೆ ಆರಿಸುವುದರಲ್ಲಿ ನಾನು ಯಾವತ್ತೂ ತೀರಾ ಹಿಂದೆ ಇರಲಿಲ್ಲ. ನಾನು ಮೆಚ್ಚಿದ ಕುದುರೆಗಳು ಮೊದಲ ಮೂರರೊಳಗೆ ಬರುತ್ತಲೇ ಇದ್ದವು. ದುಡ್ಡು ಮಾತ್ರ ಬರುತ್ತಿರಲಿಲ್ಲ. ಕುದುರೆ ಸರಿ, ಬೆಟ್ ತಪ್ಪು ಅನ್ನುವುದು ತಲೆಗೆ ಹೋಗಲು ಎರಡೂವರೆ ವರ್ಷ ಹಿಡಿಯಿತು.

ಲೆಕ್ಕವನ್ನೆಲ್ಲ ಯೂನಿಟ್‌ನಲ್ಲೇ ಹೇಳುತ್ತೇನೆ, ಒಂದು ಟಿಕೆಟ್‌ಗೆ ಒಂದು ಯೂನಿಟ್. ನಾನು ಬರೆದಿಡುವುದೂ ಹಾಗೆಯೇ. ಸಾವಿರ ಯೂನಿಟ್ ಬೇರೆಯಾಗಿ ಎತ್ತಿಟ್ಟು ಶುರು ಮಾಡಿದೆ. ಮನೆ ಖರ್ಚಿಗೂ ಅದಕ್ಕೂ ಸಂಬಂಧ ಇಲ್ಲ. ಮೊದಲ ಎರಡು ವರ್ಷದಲ್ಲಿ ಆರುನೂರು ಚಿಲ್ಲರೆ ಹೋಯಿತು. ಮೂರನೇ ವರ್ಷ ಇನ್ನೊಂದು ನೂರೈವತ್ತು. ನಾಲ್ಕನೇ ವರ್ಷ ಸುಮಾರು ಒಂಬೈನೂರು ಯೂನಿಟ್ ಹಾಕಿ ತೊಂಬತ್ತರ ಹತ್ತಿರ ಲಾಭ ತೆಗೆದೆ. ಕಳೆದದ್ದು ಪೂರ್ತಿ ವಾಪಸ್ ಬಂದಿಲ್ಲ, ನಿಜ. ಆದರೆ ಟೋಟ್ (ಎಲ್ಲರ ಬೆಟ್ ಹಣವನ್ನು ಒಂದು ಪೂಲ್‌ಗೆ ಸೇರಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ) ಮೊದಲೇ ತನ್ನ ಪಾಲು ಕತ್ತರಿಸಿಕೊಳ್ಳುವ ಆಟದಲ್ಲಿ ಇಡೀ ವರ್ಷ ಪ್ಲಸ್‌ನಲ್ಲಿ ಮುಗಿಸುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು.

ಮೊದಲು ನನ್ನನ್ನು ಮುಳುಗಿಸಿದ್ದು ಟ್ರೈಫೆಕ್ಟಾ ಬಾಕ್ಸ್. ಟನಾಲ ಅಂತಲೂ ಕರೆಯುತ್ತಾರಲ್ಲ, ಅದೇ. ಮೊದಲ ಮೂರು ಕುದುರೆಗಳನ್ನು ಬಂದ ಕ್ರಮದಲ್ಲೇ ಹೇಳಬೇಕು; ಬಾಕ್ಸ್ ಅಂದರೆ ಆರಿಸಿದ ಕುದುರೆಗಳ ಎಲ್ಲ ಕ್ರಮಕ್ಕೂ ಒಂದೊಂದು ಟಿಕೆಟ್. ಮೂರು ಕುದುರೆ ಬಾಕ್ಸ್ ಮಾಡಿದರೆ 6 ಟಿಕೆಟ್. ನಾಲ್ಕಾದರೆ 24, ಐದಾದರೆ 60. ಒಂದೇ ಒಂದು ಕುದುರೆ ಸೇರಿಸುತ್ತಿದ್ದೇನೆ ಅಂತ ಮನಸ್ಸು ಹೇಳುತ್ತದೆ, ಜೇಬು ಎರಡೂವರೆ ಪಟ್ಟು ಕೊಡುತ್ತದೆ. ಒಂದು ದಿನ ಐದು ಕುದುರೆ ಬಾಕ್ಸ್ ಮಾಡಿ 60 ಯೂನಿಟ್ ಹಾಕಿದೆ. ಕೊನೆಯ ಇನ್ನೂರು ಮೀಟರಿನಲ್ಲಿ ನನ್ನ ಮೂರು ಕುದುರೆಗಳೇ ಮುಂದೆ. ಗಂಟಲು ಕಟ್ಟುವ ಹಾಗೆ ಕೂಗಿದೆ. ಮೂರೂ ಬಂದವು. ಆದರೆ ಬಂದದ್ದು ಮೊದಲ, ಎರಡನೇ, ಮೂರನೇ ಫೇವರಿಟ್‌ಗಳು, ಅಂದರೆ ಜನ ಅತಿ ಹೆಚ್ಚು ದುಡ್ಡು ಹಾಕಿದ ಕುದುರೆಗಳು. ಡಿವಿಡೆಂಡ್, ಅಂದರೆ ಗೆದ್ದ ಟಿಕೆಟ್‌ಗೆ ಸಿಗುವ ಹಣ, 38. ಗೆದ್ದು 22 ಯೂನಿಟ್ ಕಳೆದುಕೊಂಡೆ. ಆ ಟಿಕೆಟ್ ಇವತ್ತಿಗೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಂಟಿಸಿದ್ದೇನೆ.

ಬಾಕ್ಸ್‌ನ ತೊಂದರೆ ಖರ್ಚು ಒಂದೇ ಅಲ್ಲ. ಐದು ಕುದುರೆಗೂ ಮೊದಲು ಬರುವ ಅವಕಾಶ ಒಂದೇ ಸಮ ಇದೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ನಿಮಗೇ ಆ ನಂಬಿಕೆ ಇರುವುದಿಲ್ಲ, ಅಲ್ವಾ? ಗೆಲ್ಲುವುದು ಇದೇ ಅನ್ನಿಸಿದರೆ ಅದನ್ನು ಮೇಲೆ ಕಟ್ಟಿ, ಕೆಳಗೆ ನಾಲ್ಕನ್ನು ಹಾಕಿ. 12 ಟಿಕೆಟ್‌ಗೆ ಮುಗಿಯುತ್ತದೆ.

ಆಮೇಲೆ ಹೆದರಿ ಈಚ್ ವೇ ಕಡೆ ತಿರುಗಿದೆ. ಅರ್ಧ ವಿನ್‌ಗೆ (ಕುದುರೆ ಮೊದಲು ಬಂದರೆ), ಅರ್ಧ ಪ್ಲೇಸ್‌ಗೆ (ಮೊದಲ ಎರಡು ಮೂರರೊಳಗೆ ಬಂದರೆ). ಸುರಕ್ಷಿತ ಅನ್ನಿಸುತ್ತದೆ. ಬುಕ್ಕಿ ವಿನ್‌ಗೆ ಒಂದಕ್ಕೆ ನಾಲ್ಕು ಲಾಭ ಕೊಟ್ಟಿದ್ದಾನೆ, ಪ್ಲೇಸ್‌ಗೆ ಅದರ ಐದನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಎರಡು ಯೂನಿಟ್ ಹಾಕಿದಿರಿ. ಕುದುರೆ ಮೂರನೇದು ಬಂತು. ಕೈಗೆ ಸಿಗುವುದು ಪ್ಲೇಸ್‌ಗೆ ಹಾಕಿದ ಒಂದು, ಲಾಭ 0.8, ಒಟ್ಟು 1.8. ಪ್ಲೇಸ್ ಆದರೂ ನಷ್ಟ. ಇದನ್ನು ನಾನು ಎಂಟು ತಿಂಗಳು ಮಾಡಿದೆ. ಕೆಟ್ಟದಾಗಿ ಸೋಲಲಿಲ್ಲ, ಅದಕ್ಕೇ ಬಿಡಲು ತಡವಾಯಿತು. ನಿಧಾನವಾಗಿ ಸೋರುವ ಬೆಟ್ ಇದು. ಇನ್ನೊಂದು ಪೆಟ್ಟು: ಎಂಟು ಕುದುರೆ ಓಡಿದರೆ ಸಾಮಾನ್ಯವಾಗಿ ಮೂರು ಪ್ಲೇಸ್, ಏಳಕ್ಕೆ ಇಳಿದರೆ ಎರಡೇ. ಕೊನೇ ಗಳಿಗೆಯಲ್ಲಿ ಒಂದು ಕುದುರೆ ಹಿಂದೆ ಸರಿದರೆ ನಿಮ್ಮ ಮೂರನೇ ಜಾಗವೇ ಮಾಯ. ಎಂಟೇ ಕುದುರೆ ಇರುವ ರೇಸ್‌ನಲ್ಲಿ ನಾನು ಈಗ ಕೊನೆಯವರೆಗೂ ಕಾಯುತ್ತೇನೆ.

ಪ್ಲೇಸ್ ಪೂಲ್ ಹಂಚುವುದು ಎಲ್ಲ ಕಡೆ ಒಂದೇ ಥರ ಅಲ್ಲ. ಇದನ್ನು ನೋಡದೆ ಆಡುವವರೇ ಜಾಸ್ತಿ. ಕೆಲವು ಕಡೆ ಉಳಿದ ಪೂಲನ್ನು ಪ್ಲೇಸ್ ಆದ ಕುದುರೆಗಳಿಗೆ ಸಮನಾಗಿ ಪಾಲು ಮಾಡುತ್ತಾರೆ. ಅಮೆರಿಕದಲ್ಲಿ ಬಂದ ಕುದುರೆಗಳ ಮೇಲೆ ಹಾಕಿದ ಹಣವನ್ನು ಮೊದಲು ವಾಪಸ್ ಕೊಟ್ಟು, ಮಿಕ್ಕಿದ ಲಾಭವನ್ನಷ್ಟೇ ಹಂಚುತ್ತಾರೆ. ಅಲ್ಲಿ ಮೂರರೊಳಗೆ ಬರುವ ಬೆಟ್‌ಗೆ ಶೋ ಅನ್ನುತ್ತಾರೆ. ಟೋಟ್ ಪಾಲು ಕಳೆದು ಶೋ ಪೂಲ್‌ನಲ್ಲಿ 9000 ಇದೆ ಅನ್ನಿ. ನಿಮ್ಮ ಕುದುರೆ ಮೇಲೆ 600, ಇನ್ನೊಂದರ ಮೇಲೆ 400, ಫೇವರಿಟ್ ಮೇಲೆ 5000. ಮೂರೂ ಬಂದರೆ ಲಾಭ ಉಳಿಯುವುದು 3000, ತಲಾ 1000. ನಿಮಗೆ ಒಂದಕ್ಕೆ 2.67. ಅದೇ ಫೇವರಿಟ್ ಬಿದ್ದು, 500 ಇರುವ ಬೇರೆ ಕುದುರೆ ಬಂದರೆ ಲಾಭ 7500. ಒಂದಕ್ಕೆ 5.17. ನಿಮ್ಮ ಕುದುರೆ ಅದೇ, ಜಾಗವೂ ಅದೇ, ದುಡ್ಡು ಹತ್ತಿರ ಹತ್ತಿರ ಎರಡು ಪಟ್ಟು. ಅಂದರೆ ಆ ನಿಯಮದಲ್ಲಿ ಶೋ ಬೆಟ್ ನಿಮ್ಮ ಕುದುರೆಯ ಮೇಲಿನ ಬೆಟ್ ಮಾತ್ರ ಅಲ್ಲ, ಫೇವರಿಟ್‌ನ ವಿರುದ್ಧದ ಬೆಟ್ ಕೂಡ. ಸಮಪಾಲು ಮಾಡುವ ಕಡೆ ಈ ಲಾಭ ಸಿಗುವುದಿಲ್ಲ.

ಈ ಲೆಕ್ಕ ಮಾಡುತ್ತಾ ಕೂತಾಗಲೇ ನನಗೆ ದಾರಿ ಕಂಡಿದ್ದು. ಫೇವರಿಟ್‌ಗಳು ಸುಮಾರು ಮೂರು ರೇಸ್‌ಗೆ ಒಂದು ಗೆಲ್ಲುತ್ತವೆ. ಮಿಕ್ಕ ಎರಡರಲ್ಲಿ ಏನಾಗುತ್ತವೆ? ಎಲ್ಲೋ ಕೊನೆಯಲ್ಲಿ ಬೀಳುವುದಿಲ್ಲ. ಹೆಚ್ಚಾಗಿ ಅಲ್ಲೇ ಹತ್ತಿರದಲ್ಲಿ ಇರುತ್ತವೆ. ಆದರೆ ಜನ ಟಿಕೆಟ್ ಕಟ್ಟುವ ರೀತಿ ನೋಡಿ. ಫೇವರಿಟ್ ನಂಬಿದವರು ಅದನ್ನು ಮೇಲೆ ಇಡುತ್ತಾರೆ. ನಂಬದವರು ಟಿಕೆಟ್‌ನಿಂದಲೇ ತೆಗೆದುಬಿಡುತ್ತಾರೆ. ಎರಡನೇ ಜಾಗದಲ್ಲಿ ಕೂರಿಸುವವರು ಕಡಿಮೆ. ಟೋಟ್‌ನಲ್ಲಿ ನಾವು ಆಡುವುದು ಒಬ್ಬರ ವಿರುದ್ಧ ಒಬ್ಬರು. 1867ರಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಒಲೇರ್ ಈ ಪೂಲ್ ಪದ್ಧತಿ ಶುರು ಮಾಡಿದಾಗಿನಿಂದ ಅದು ಬದಲಾಗಿಲ್ಲ. ಬೇರೆಯವರು ಬಿಟ್ಟ ಜಾಗದಲ್ಲೇ ನಮ್ಮ ದುಡ್ಡು ಇರುವುದು.

ಬೇರೆ ಕುದುರೆ ಮೊದಲು, ಫೇವರಿಟ್ ಎರಡನೇದು ಅಂತ ಹಾಕುತ್ತೇನೆ ಎಂದು ಇಪ್ಪತ್ತು ವರ್ಷದಿಂದ ರೇಸ್ ಆಡುತ್ತಿರುವ ಹಿರಿಯರೊಬ್ಬರಿಗೆ ಹೇಳಿದೆ. "ಅಲ್ಲಪ್ಪಾ, ಫೇವರಿಟ್ ಸೋಲುತ್ತೆ ಅಂತಾನೂ ಹೇಳ್ತೀಯ, ಅದರ ಮೇಲೇ ದುಡ್ಡೂ ಹಾಕ್ತೀಯ. ಯಾವುದಾದ್ರೂ ಒಂದು ಹೇಳು" ಅಂದರು. ಇನ್ನಿಬ್ಬರು ಗೆಳೆಯರು ಕ್ವಿನೆಲ್ಲಾ ಆಡು, ಮೊದಲ ಎರಡು ಕುದುರೆ ಯಾವ ಕ್ರಮದಲ್ಲಿ ಬಂದರೂ ಸಿಗುತ್ತೆ ಅಂದರು. ಕ್ವಿನೆಲ್ಲಾ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಫೇವರಿಟ್ ಮೊದಲು ಬರುವ ಅಗ್ಗದ ಅರ್ಧವನ್ನೂ ಕಡ್ಡಾಯವಾಗಿ ಕೊಳ್ಳಬೇಕು. ನನಗೆ ಬೇಕಿದ್ದದ್ದು ಇನ್ನೊಂದು ಅರ್ಧ ಮಾತ್ರ. ಅದಕ್ಕೆ ಮೊದಲ ಎರಡನ್ನು ಬಂದ ಕ್ರಮದಲ್ಲೇ ಹೇಳುವ ಎಕ್ಸಾಕ್ಟಾ, ಬ್ರಿಟನ್ನಿನವರ ಫೋರ್ಕಾಸ್ಟ್, ಒಂದೇ ದಾರಿ.

ಬೆಲೆ ಕಟ್ಟುವುದು ಸಂಖ್ಯಾಶಾಸ್ತ್ರಜ್ಞ ಹಾರ್ವಿಲ್ 1973ರಲ್ಲಿ ಕೊಟ್ಟ ಸೂತ್ರದಲ್ಲಿ. ನನ್ನ ಕುದುರೆ ಗೆಲ್ಲುವ ಸಾಧ್ಯತೆ 20%, ಫೇವರಿಟ್‌ಗೆ 35% ಅನ್ನಿ. ನನ್ನದು ಮೊದಲು, ಫೇವರಿಟ್ ಎರಡನೇದು: 0.20 × 0.35 ÷ 0.80, ಅಂದರೆ 8.75%. ಸರಿಯಾದ ಬೆಲೆ ಒಂದಕ್ಕೆ ಸುಮಾರು 11.4. ಆದರೆ ಈ ಸೂತ್ರ ಫೇವರಿಟ್‌ಗೆ ಎರಡನೇ ಜಾಗದಲ್ಲಿ ಸ್ವಲ್ಪ ಜಾಸ್ತಿಯೇ ಕೊಡುತ್ತದೆ. ಅದಕ್ಕೆ ನಾನು ಇಷ್ಟು ಅಂತ ಕಳೆಯುತ್ತೇನೆ. ಎಷ್ಟು ಕಳೆಯುತ್ತೇನೆ ಅನ್ನುವುದನ್ನು ಹೇಳುವುದಿಲ್ಲ. ಒಂದು ವರ್ಷದ ನೋಟ್‌ಬುಕ್ ಕೆಲಸ ಅದು. ನೀವೂ ಇನ್ನೂರು ರೇಸ್ ಬರೆದಿಟ್ಟರೆ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಟೋಟ್ ಬೋರ್ಡ್ ಒಂದಕ್ಕೆ 15 ತೋರಿಸದೆ ನಾನು ಕೈ ಹಾಕುವುದಿಲ್ಲ ಅಂತ ಮಾತ್ರ ಹೇಳಬಲ್ಲೆ.

20%, 35% ಎಲ್ಲಿಂದ ಬಂತು ಅಂದರೆ, ಜನರ ಆಡ್ಸ್‌ನಿಂದಲೇ, ಅಂದರೆ ಜನ ಹಾಕಿದ ದುಡ್ಡಿನಿಂದ ಮೂಡುವ ಬೆಲೆಯಿಂದಲೇ ಶುರು ಮಾಡುತ್ತೇನೆ. ಹಾಂಗ್‌ಕಾಂಗ್‌ನಲ್ಲಿ ಲೆಕ್ಕ ಹಾಕಿ ರೇಸ್ ಆಡಿ ಹೆಸರಾದ ಬಿಲ್ ಬೆಂಟರ್ ಕೂಡ ತನ್ನ ಲೆಕ್ಕಕ್ಕೆ ಜನರ ಆಡ್ಸ್ ಸೇರಿಸಿಯೇ ಆಡುತ್ತಿದ್ದ. ಆಡ್ಸ್ ದಡ್ಡತನದ್ದು ಅಂದುಕೊಂಡು ಕೂತ ವರ್ಷವೇ ನಾನು ಅತಿ ಜಾಸ್ತಿ ಕಳೆದದ್ದು.

ಮೊದಲ ದೊಡ್ಡ ಹೊಡೆತ ಒಂಬತ್ತು ಕುದುರೆಗಳ ರೇಸ್. ಮುಂದೆ ಓಡುವ ಕುದುರೆ ಒಂದೇ ಇತ್ತು. ಬೆನ್ನಟ್ಟಿ ಒತ್ತಡ ಹಾಕುವವರು ಯಾರೂ ಇರಲಿಲ್ಲ. ಫೇವರಿಟ್ ಹಿಂದಿನಿಂದ ಬರುವ ಜಾತಿಯದು. ಮುಂದಿನದು ಮೊದಲು, ಫೇವರಿಟ್ ಎರಡನೇದು ಅಂತ ಮೂರು ಯೂನಿಟ್. ತಿರುವಿನಲ್ಲಿ ಮುಂದಿನ ಜಾಕಿ ಇನ್ನೂ ಕೈ ಕಟ್ಟಿ ಕೂತಿದ್ದ. ಫೇವರಿಟ್ ಹೊರಗಿನಿಂದ ಹಾರಿ ಬಂತು, ಕುದುರೆಯ ಅರ್ಧ ಉದ್ದದಷ್ಟು ಸಾಲಲಿಲ್ಲ. ಒಂದಕ್ಕೆ 16 ಚಿಲ್ಲರೆ ಕೊಟ್ಟಿತು. ಅದೇ ಮೂರನ್ನು ವಿನ್‌ಗೆ ಹಾಕಿದ್ದರೆ ಹನ್ನೆರಡು ಬರುತ್ತಿತ್ತು, ಇಲ್ಲಿ ಐವತ್ತರ ಹತ್ತಿರ ಬಂತು. ಆ ಹಿರಿಯರು ಟಿಕೆಟ್ ಇಸಿದುಕೊಂಡು ಎರಡು ಸಲ ಓದಿದರು.

ಕುದುರೆ ಓಡುವ ರೀತಿ ನೋಡಿ ಬೆಟ್ ಆರಿಸುವುದನ್ನು ಕಲಿತದ್ದು ಆಗಲೇ. ಮುಂದೆ ಓಡುವ ಕುದುರೆಗೆ ಪ್ಲೇಸ್ ಹಾಕಬೇಡಿ. ಅದು ಒಂದೋ ಗೆಲ್ಲುತ್ತದೆ, ಇಲ್ಲ ಸುಸ್ತಾಗಿ ಏಳನೇದಾಗುತ್ತದೆ. ಅದಕ್ಕೆ ವಿನ್, ಇಲ್ಲ ಎಕ್ಸಾಕ್ಟಾದ ಮೇಲಿನ ಜಾಗ. ಸದಾ ತಡವಾಗಿ ಬರುವ ಕುದುರೆಯನ್ನು ಟ್ರೈಫೆಕ್ಟಾದ ಕೆಳಗಿನ ಸಾಲಿನಲ್ಲಿ ಇಡಿ. ಯಾವ ಫೇವರಿಟ್ ಎರಡನೇದಕ್ಕೆ ನಿಲ್ಲುತ್ತದೆ, ಯಾವುದು ಪೂರ್ತಿ ಕುಸಿಯುತ್ತದೆ ಅಂತ ಪ್ಯಾಡಕ್‌ನಲ್ಲಿ (ರೇಸ್‌ಗೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಜಾಗ) ನಾನು ನೋಡುವ ಒಂದು ಗುರುತು ಇದೆ. ಅದು ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ವಿನ್ ಪೂಲ್‌ನಲ್ಲಿ ಟೋಟ್ 17% ಕತ್ತರಿಸುತ್ತದೆ ಅಂತಿಟ್ಟುಕೊಂಡು, ಗೆದ್ದ ಹಣವನ್ನು ಮುಂದಿನ ರೇಸ್‌ಗೆ ಹಾಕುತ್ತಾ ಮೂರು ರೇಸ್ ಹೋದರೆ 0.83 ಮೂರು ಸಲ ಗುಣಿಸಿಕೊಳ್ಳುತ್ತದೆ. ಕೈಯಲ್ಲಿ 57% ಮಾತ್ರ. ಮೂರು ರೇಸ್‌ಗಳ ಗೆಲ್ಲುವ ಕುದುರೆಗಳನ್ನು ಒಂದೇ ಟಿಕೆಟ್‌ನಲ್ಲಿ ಹೇಳುವ ಟ್ರೆಬಲ್ ಪೂಲ್ 25% ಕತ್ತರಿಸಿದರೂ ಒಂದೇ ಸಲ, 75% ಉಳಿಯುತ್ತದೆ. ಕತ್ತರಿ ದೊಡ್ಡದು ಅಂತ ಟ್ರೆಬಲ್‌ನಿಂದ ದೂರ ಇದ್ದದ್ದು ನನ್ನ ತಪ್ಪು ಲೆಕ್ಕ.

ಈಗ ಐದು ರೇಸ್‌ಗಳ ಗೆಲ್ಲುವ ಕುದುರೆಗಳನ್ನು ಹೇಳುವ ಜಾಕ್‌ಪಾಟ್ ಮೇಲೆ ಕಣ್ಣಿಟ್ಟಿದ್ದೇನೆ. ಐದು ರೇಸ್‌ಗೆ ಎರಡೆರಡು ಕುದುರೆ ಹಾಕಿದರೆ 32 ಟಿಕೆಟ್, ಮೂರು ಮೂರು ಹಾಕಿದರೆ 243. ಎರಡು ರೇಸ್‌ನಲ್ಲಿ ಒಂದೊಂದನ್ನೇ ಕಟ್ಟಿ, ಮಿಕ್ಕ ಮೂರರಲ್ಲಿ ಮೂರು ಮೂರು ತೆರೆದರೆ 27. ಹಾಗೆ ಹನ್ನೊಂದು ಸಲ ಆಡಿದ್ದೇನೆ. ಎರಡು ಸಲ ನಾಲ್ಕು ರೇಸ್‌ವರೆಗೆ ಬದುಕಿತ್ತು. ಎರಡೂ ಸಲ ಕೈಕೊಟ್ಟದ್ದು ನಾನು ಕಟ್ಟಿದ ಒಂಟಿ ಕುದುರೆ, ಮತ್ತೆ ಎರಡೂ ಸಲ ಅದು ಫೇವರಿಟ್, ಎರಡನೇದು ಬಂತು.