ದವಡೆಯ ದೊಡ್ಡ ಸಿಸ್ಟ್‌ಗೆ ಬರೀ ಒಂದು ಟ್ಯೂಬ್: ನನ್ನ ಅನುಭವ

ನನ್ನ ರೋಗಿಯೊಬ್ಬರಿಗೆ ಕೆರಟೋಸಿಸ್ಟ್ (ಕೆರಟಿನ್ ಎಂಬ ಬಿಳಿ ಪದಾರ್ಥ ತುಂಬಿದ ಚೀಲ) ಕೆಳದವಡೆಯ ಕೋನದಿಂದ ರೇಮಸ್‌ನ, ಅಂದರೆ ಕಿವಿಯತ್ತ ಏರುವ ದವಡೆಯ ಭಾಗದ, ಮೇಲಿನವರೆಗೂ ಹಬ್ಬಿತ್ತು. ಕೆಳಅಂಚಿನಲ್ಲಿ ಉಳಿದಿದ್ದ ಮೂಳೆ 2 ಮಿ.ಮೀ. ಇದ್ದರೆ ಹೆಚ್ಚು. ಕೆಳತುಟಿಗೆ ಸ್ಪರ್ಶ ಕೊಡುವ ನರ ಸಿಸ್ಟ್‌ನ ಗೋಡೆಗೇ ಅಂಟಿಕೊಂಡಿತ್ತು. "ಸುಮ್ನೆ ದವಡೆ ಕತ್ತರಿಸಿ ಪ್ಲೇಟ್ ಹಾಕು" ಅಂದವರೇ ಜಾಸ್ತಿ. ನಾನು ಡಿಕಂಪ್ರೆಷನ್ನೇ ಮಾಡಿದೆ, ಅಂದರೆ ಸಿಸ್ಟ್‌ಗೆ ರಂಧ್ರ ಕೊರೆದು ಟ್ಯೂಬ್ ಇಟ್ಟು, ಒತ್ತಡ ಇಳಿದು ಅದು ತಾನೇ ಕುಗ್ಗಲು ಬಿಡುವುದು.

ಒದ್ದಾಡಿದ್ದು ಟ್ಯೂಬ್ ಆರಿಸುವುದರಲ್ಲಿ. ಹಿಂದಿನ ಕೇಸುಗಳಲ್ಲಿ ಅಯೋಡೋಫಾರ್ಮ್ ಎಂಬ ಕ್ರಿಮಿನಾಶಕ ಹಚ್ಚಿದ ಗಾಜ್ ಬಟ್ಟೆ ತುಂಬುತ್ತಿದ್ದೆ. ಅದರ ವಾಸನೆ, ವಾರವಾರ ಬದಲಿಸುವ ಕಾಟ, ಎರಡೂ ಸಾಕಾಗಿತ್ತು. ಐವಿ (ಡ್ರಿಪ್) ಸೆಟ್‌ನ ಕೊಳವೆ ಕೆರಟಿನ್ ಕಟ್ಟಿ ಬಂದ್ ಆಗುತ್ತಿತ್ತು. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಕಚ್ಚಿದರೆ ಚಪ್ಪಟೆ. ಕೊನೆಗೆ ಗೆದ್ದದ್ದು ಮೂಗಿಗೆ ಹಾಕುವ ಏರ್‌ವೇ (ಉಸಿರಾಟದ ಕೊಳವೆ). ಅದರ ಅಗಲ ಅಂಚು ವಸಡಿನ ಮೇಲೆ ಕೂರುತ್ತದೆ, ಒಳಗೆ ಜಾರುವ ಭಯವಿಲ್ಲ. ರೇಷ್ಮೆ ಹೊಲಿಗೆ ಹತ್ತು ದಿನಕ್ಕೇ ಕಿತ್ತು ಬಂತು. ಸ್ಟೀಲ್ ವೈರ್‌ನಲ್ಲಿ ಪಕ್ಕದ ಹಲ್ಲಿಗೆ ಬಿಗಿದೆ, ಅಲುಗಾಡಲಿಲ್ಲ. ಅಂಚು ಕೆನ್ನೆಗೆ ಉಜ್ಜದ ಹಾಗೆ ಕತ್ತರಿಸುವ ಒಂದು ರೀತಿ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ!

ಟ್ಯೂಬ್ ಇಡಲು ಸಿಸ್ಟ್‌ಗೆ ಕಿಟಕಿ ತೆಗೆದಾಗಲೇ ಗೋಡೆಯ ಚೂರು ಬಯಾಪ್ಸಿಗೆ ಹೋಗಿತ್ತು. ಯುನಿಸಿಸ್ಟಿಕ್ ಅಮೆಲೋಬ್ಲಾಸ್ಟೋಮಾ ಎಂಬ ದವಡೆಯ ಗೆಡ್ಡೆ ಕೂಡ ಎಕ್ಸ್-ರೇಯಲ್ಲಿ ಹೀಗೇ ಕಾಣುತ್ತದಲ್ವಾ.

ತೊಳೆಯಲು 20 ಎಂಎಲ್ ಸಿರಿಂಜ್, ಮೊಂಡು ಸೂಜಿ, ಸಲೈನ್, ದಿನಕ್ಕೆರಡು ಸಲ. ಮೊದಮೊದಲು ಒಡೆದ ಮೊಸರಿನಂಥ ಬಿಳಿ ಚೂರುಗಳು ಬಂದವು. ಕ್ರಿಮಿನಾಶಕ ದ್ರಾವಣವಾದ 0.12% ಕ್ಲೋರ್‌ಹೆಕ್ಸಿಡಿನ್ ಕೂಡ ಕೊಟ್ಟು ನೋಡಿದೆ. ಹಲ್ಲಿಗೆ ಕಲೆ ಬಿತ್ತು, ಬೇರೆ ಲಾಭ ನನಗಂತೂ ಕಾಣಲಿಲ್ಲ. ಇನ್ನೊಂದು ಪ್ರಯೋಗ ಮಾತ್ರ ಕೈಹಿಡಿಯಿತು: ಹೊರಗೆ ಉಕ್ಕುವ ಮುಂಚೆ ಒಳಗೆ ಎಷ್ಟು ಸಲೈನ್ ಹಿಡಿಯುತ್ತದೆ ಅಂತ ಪ್ರತಿ ಭೇಟಿಯಲ್ಲೂ ಬರೆದಿಡುವುದು. ಶುರುವಿನಲ್ಲಿ ಸುಮಾರು 15 ಎಂಎಲ್, ಕೊನೆಗೆ ಮೂರೋ ನಾಲ್ಕೋ. ಇದರಿಂದ ಪದೇಪದೇ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಮಾಡಿಸುವ ಖರ್ಚು ತಪ್ಪಿತು. ಮೊದಲಿಗೊಂದು, ಕೊನೆಗೊಂದು, ನಡುವೆ ಓಪಿಜಿ (ಇಡೀ ದವಡೆಯ ಸಾದಾ ಎಕ್ಸ್-ರೇ) ಸಾಕಾಯಿತು.

ಹೆಚ್ಚುಕಮ್ಮಿ ಒಂದು ವರ್ಷಕ್ಕೆ ನರದ ಮೇಲೆ ಹೊಸ ಮೂಳೆ ಬಂದಿತ್ತು. ಆಮೇಲೆ ಎನ್ಯೂಕ್ಲಿಯೇಶನ್, ಅಂದರೆ ಉಳಿದ ಸಿಸ್ಟನ್ನು ಪೂರ್ತಿ ಬಿಡಿಸಿ ತೆಗೆಯುವುದು. ಮೊದಲು ಮುಟ್ಟಿದರೆ ಹರಿಯುತ್ತಿದ್ದ ಪೊರೆ ಈಗ ದಪ್ಪವಾಗಿ ಒಂದೇ ತುಂಡಾಗಿ ಎದ್ದು ಬಂತು. ಸುತ್ತಲ ಮೂಳೆಯನ್ನು ಬರ್‌ನಿಂದ (ಕೊರೆಯುವ ಮೊನೆಯಿಂದ) ತೆಳ್ಳಗೆ ಉಜ್ಜಿದೆ. ತುಟಿಗೆ ಜೋಮಿಲ್ಲ.

ದುಡ್ಡಿನ ಲೆಕ್ಕ ಹೇಳಲೇಬೇಕು. ಪ್ಲೇಟ್, ಗ್ರಾಫ್ಟ್ (ಬೇರೆಡೆಯ ಮೂಳೆ ಕಸಿ), ದೊಡ್ಡ ಅರಿವಳಿಕೆ ಎಲ್ಲದರ ಖರ್ಚು ಉಳಿಯಿತು. ಆದರೆ ವರ್ಷವಿಡೀ ಓಡಾಟ, ಕೆಲಸಕ್ಕೆ ರಜೆ, ಅದು ರೋಗಿಯ ಜೇಬಿನಿಂದಲೇ ಹೋಗುವುದು. ನಾನು ಮಧ್ಯದ ಭೇಟಿಗಳಿಗೆ ಶುಲ್ಕ ಬಿಟ್ಟೆ. ಮನೆಯಲ್ಲಿ ತೊಳೆಯಲು ಬೇಸರಪಡುವ ರೋಗಿಗೆ ಈ ದಾರಿ ನಾನು ಹೇಳುವುದೇ ಇಲ್ಲ.