ಹಡಗಿನ ಬಫೆಯಲ್ಲಿ ಸಾಲಿನ ಬಾಲ ಎಲ್ಲಿರುತ್ತದೆ?

ಕ್ರೂಸ್ ಹಡಗು ಹತ್ತಿದ ಮೊದಲ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಬಫೆ ಹಾಲ್‌ಗೆ ಹೋಗಬೇಡಿ. ಇದೊಂದು ಮಾತು ಕೇಳಿದರೆ ಅರ್ಧ ತಲೆನೋವು ಕಡಿಮೆ. ಆ ಹೊತ್ತಿಗೆ ಕ್ಯಾಬಿನ್‌ಗಳು ತಯಾರಾಗಿರುವುದಿಲ್ಲ, ಸಾಮಾನ್ಯವಾಗಿ ಒಂದು ಒಂದೂವರೆ ಆದ ಮೇಲೇ ಒಳಗೆ ಬಿಡುವುದು, ಹಾಗಾಗಿ ಹತ್ತಿದವರೆಲ್ಲ ಬೆನ್ನಿಗೊಂದು ಚೀಲ, ಕೈಗೊಂದು ಚಕ್ರದ ಸೂಟ್‌ಕೇಸ್, ಮಗುವಿನ ತಳ್ಳುಗಾಡಿ ಸಮೇತ ಸೀದಾ ಅಲ್ಲಿಗೇ ನುಗ್ಗಿರುತ್ತಾರೆ. ಅದೇ ಹೊತ್ತಿಗೆ ಸಣ್ಣ ಕೆಫೆಗಳು ಖಾಲಿ ಹೊಡೆಯುತ್ತಿರುತ್ತವೆ. ಕೆಲವು ಹಡಗುಗಳಲ್ಲಿ ಕೂತು ಊಟ ಮಾಡುವ ದೊಡ್ಡ ಹಾಲ್ ಕೂಡ ಅವತ್ತು ತೆರೆದಿರುತ್ತದೆ. ಕೇಳಿ ನೋಡಿ.

ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದ ಏಳು ರಾತ್ರಿಯ ಕೆರಿಬಿಯನ್ ಪ್ರವಾಸ. ಊರಿಂದ ಬಂದಿದ್ದ ಅಪ್ಪ ಅಮ್ಮ, ಅತ್ತೆ ಮಾವ, ನಾವಿಬ್ಬರು, ಮಕ್ಕಳಿಬ್ಬರು, ಒಟ್ಟು ಎಂಟು ಜನ. ಅಪ್ಪ ತಟ್ಟೆ ಹಿಡಿದು ಸುತ್ತಲೂ ಒಂದು ಸಲ ನೋಡಿ ಕೇಳಿದರು, "ಇದರ ಬಾಲ ಎಲ್ಲಿದೆಯೋ?"

ಬಾಲವೇ ಇರಲಿಲ್ಲ.

ನಮ್ಮ ಕಡೆ ಮದುವೆ ಊಟದಲ್ಲಿ ನಾವು ಕೂತಿರುತ್ತೇವೆ, ಊಟ ನಡೆದು ಬರುತ್ತದೆ. ಸಾರಿನ ಬಕೆಟ್ ಹಿಡಿದವನು ಯಾರ ಎಲೆಯನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ. ಅಲ್ಲಿ ನಮ್ಮ ಕೆಲಸ ಜಾಗ ಹಿಡಿಯುವುದಷ್ಟೇ. ಉಣ್ಣುತ್ತಿರುವವರ ಬೆನ್ನ ಹಿಂದೆ ಕುರ್ಚಿ ಹಿಡಿದುಕೊಂಡು ನಿಂತರೆ ಮುಂದಿನ ಪಂಕ್ತಿ ನಮ್ಮದೇ. ಹಡಗಿನಲ್ಲಿ ಇದು ತಿರುವುಮುರುವು. ಊಟ ನಿಂತಿರುತ್ತದೆ, ನಾವು ನಡೆಯಬೇಕು. ಮತ್ತೆ, ದಯವಿಟ್ಟು, ಕಾಫಿಯ ಕೊನೆಯ ಗುಟುಕು ಕುಡಿಯುತ್ತಿರುವವರ ಬೆನ್ನ ಹಿಂದೆ ತಟ್ಟೆ ಹಿಡಿದು ನಿಲ್ಲಬೇಡಿ. ನಮ್ಮವರು ಮಾತ್ರ ಅಲ್ಲ, ಎಲ್ಲ ದೇಶದವರೂ ಇದನ್ನು ಮಾಡುತ್ತಾರೆ, ಎಲ್ಲರಿಗೂ ಕಿರಿಕಿರಿಯೇ.

ಸಾಲು ಎಷ್ಟು ಬಗೆ

ಮೊದಲು ತಟ್ಟೆ ಮುಟ್ಟದೆ ಒಂದು ಸುತ್ತು ಹಾಕಿ. ಉದ್ದನೆಯ ಒಂದೇ ಕಟ್ಟೆ ಇದೆಯಾ, ಅಥವಾ ಸಲಾಡ್‌ಗೆ ಒಂದು, ಬ್ರೆಡ್‌ಗೆ ಒಂದು, ಸಿಹಿಗೆ ಒಂದು ಅಂತ ಬಿಡಿಬಿಡಿ ಕಟ್ಟೆಗಳಿವೆಯಾ ನೋಡಿ. ಉದ್ದನೆಯ ಕಟ್ಟೆಯಾದರೆ ತಟ್ಟೆ ಜೋಡಿಸಿಟ್ಟ ಕಡೆ ತಲೆ, ಅಲ್ಲಿಂದ ಒಂದೇ ದಿಕ್ಕಿಗೆ ಸಾಗಬೇಕು. ಎದುರು ದಿಕ್ಕಿನಿಂದ ಬಂದು "ಒಂದೇ ಒಂದು ನಿಂಬೆ ಹೋಳು" ಅಂತ ಕೈ ತೂರಿಸುವವರು ಆರು ಜನರ ಓಟ ನಿಲ್ಲಿಸಿರುತ್ತಾರೆ. ಬಿಡಿ ಕಟ್ಟೆಗಳಾದರೆ ಇಡೀ ಹಾಲ್‌ಗೆ ಒಂದು ಸಾಲು ಅನ್ನುವುದೇ ಇಲ್ಲ. ಯಾವ ಪದಾರ್ಥ ಬೇಕೋ ಅದರ ಮುಂದೆ ಮಾತ್ರ ಕಾಯುವುದು. ನಾವು ಇದು ಗೊತ್ತಿಲ್ಲದೆ ಬರಿ ಅನ್ನ ಬೇಳೆಗೋಸ್ಕರ ಸಲಾಡ್ ಸಾಲಿನಲ್ಲಿ ಹತ್ತು ನಿಮಿಷ ನಿಂತಿದ್ದೆವು.

ಇನ್ನೊಂದು ಗುಟ್ಟು. ಎಷ್ಟೋ ಹಡಗುಗಳಲ್ಲಿ ಬಫೆಯ ಎಡಬದಿ ಬಲಬದಿ ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ. ಇಲ್ಲಿ ಏನಿದೆಯೋ ಅದೇ ಆ ಕಡೆಯೂ ಇರುತ್ತದೆ. ಜನ ಮಾತ್ರ ಬಾಗಿಲ ಹತ್ತಿರದ ಬದಿಯಲ್ಲೇ ಮುತ್ತಿಕೊಂಡಿರುತ್ತಾರೆ. ಹಿಂದಕ್ಕೆ ನಡೆದು ಆ ಬದಿಗೆ ಹೋಗಿ.

ಮುಂದಿನವರನ್ನು ದಾಟಿ ಹೋಗಬಹುದಾ? ಉದ್ದನೆಯ ಸಾಲಿನಲ್ಲಿ ಒಬ್ಬರು ಹಂದಿ ಮಾಂಸದ ಟ್ರೇ ಮುಂದೆ ಯೋಚಿಸುತ್ತಾ ನಿಂತಿದ್ದಾರೆ, ನಿಮಗದು ಬೇಡವೇ ಬೇಡ, ಅವರ ಮುಂದೆ ನಾಲ್ಕು ಅಡಿ ಖಾಲಿ. ಆಗ "ನಾನು ಮುಂದೆ ಹೋಗಲಾ?" ಅಂತ ಕೇಳಿ, ಅವರ ಹಿಂದಿನಿಂದ ಸುತ್ತಿ ಖಾಲಿ ಜಾಗಕ್ಕೆ ಸೇರಿಕೊಳ್ಳಿ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಕೇಳದೆ ಭುಜದ ಮೇಲಿಂದ ಕೈ ಚಾಚಿದರೆ ಜಗಳ. ಆದರೆ ಆಮ್ಲೆಟ್, ಪಾಸ್ತಾ ಥರ ಎದುರಿಗೇ ಮಾಡಿಕೊಡುವ ಕಡೆ ದಾಟುವ ಮಾತೇ ಇಲ್ಲ, ಅಲ್ಲಿ ಇರುವುದು ನಿಜವಾದ ಸಾಲು, ಒಬ್ಬರಾದ ಮೇಲೆ ಒಬ್ಬರು.

ಆ ಆಮ್ಲೆಟ್ ಕಟ್ಟೆಯಲ್ಲೇ ನಮ್ಮ ಮಾನ ಹೋಗಿದ್ದು. ಹಡಗಿನ ಸಿಬ್ಬಂದಿಯಲ್ಲಿ ಗೋವಾ, ಮಂಗಳೂರು ಕಡೆಯ ಹುಡುಗರು ಬೇಕಾದಷ್ಟು ಜನ ಸಿಗುತ್ತಾರೆ. ಎದೆ ಮೇಲಿನ ಹೆಸರು ಪಟ್ಟಿ ಓದಿದ ನಮ್ಮ ಮಾವ, ಪುತ್ತೂರಿನವರು, ತುಳುವಿನಲ್ಲಿ "ಎಂಚ ಉಲ್ಲರ್?" (ಹೇಗಿದ್ದೀರಿ?) ಅಂದರು. ಹುಡುಗನ ಮುಖ ಅರಳಿತು. ಊರು ಯಾವುದು, ಮನೆತನ ಯಾವುದು, ಯಾವ ಕಾಲೇಜು, ಮದುವೆ ಆಗಿದೆಯಾ. ಕಾವಲಿಯ ಮೇಲೆ ಮೊಟ್ಟೆ ಕಂದುತ್ತಿದೆ, ಹಿಂದೆ ಹದಿನೈದು ಜನ. ಯಾರೂ ಬಾಯಿ ಬಿಡಲಿಲ್ಲ, ಬರಿ ಉಸಿರು ಬಿಟ್ಟರು. ಮಾತಾಡಿ, ಖಂಡಿತ ಮಾತಾಡಿ, ಅವರು ವಾರಕ್ಕೆ ಏಳೂ ದಿನ, ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು. ಆದರೆ ಮಧ್ಯಾಹ್ನ ಮೂರು ಗಂಟೆಗೆ, ಕಟ್ಟೆ ಖಾಲಿ ಇರುವಾಗ ಹೋಗಿ ಮಾತಾಡಿ.

ಒಬ್ಬರು ಸಾಲಿನಲ್ಲಿ ನಿಂತು ಆಮೇಲೆ ಏಳು ಜನ ಬಂದು ಸೇರಿಕೊಳ್ಳುವುದು ನಮ್ಮ ರಾಷ್ಟ್ರೀಯ ಕ್ರೀಡೆ ಅಲ್ವಾ? ಇಲ್ಲಿ ಆಡಬೇಡಿ. ನಾವು ಎರಡನೇ ದಿನದಿಂದ ಎರಡು ತಂಡ ಮಾಡಿಕೊಂಡೆವು. ನಾಲ್ವರು ಮೇಜಿನಲ್ಲಿ ಕೂತರೆ ನಾಲ್ವರು ಹೋಗಿ ತರುವುದು, ಆಮೇಲೆ ಅದಲುಬದಲು. ಮೇಜಿನ ಮೇಲೆ ಬರಿ ಟೋಪಿ ಇಟ್ಟು ಅರ್ಧ ಗಂಟೆ ಕಾಣೆಯಾಗುವುದಕ್ಕಿಂತ ಇದು ಮೇಲು.

ಎಂಜಲು ಗೊತ್ತಿರುವವರಿಗೆ ಇದು ಸುಲಭ

ಬಾಗಿಲಲ್ಲಿ ಸಿಬ್ಬಂದಿಯೊಬ್ಬರು ನಗುತ್ತಾ, ಕೆಲವು ಸಲ ಹಾಡುತ್ತಾ, ಕೈ ತೊಳೆಯಿರಿ ಅಂತ ನಿಂತಿರುತ್ತಾರೆ. ತಮಾಷೆ ಅಂದುಕೊಂಡು ಪಕ್ಕದಿಂದ ನುಸುಳಬೇಡಿ. ಹಡಗಿನಲ್ಲಿ ಭಯ ಇರುವುದು ಹೊಟ್ಟೆ ಕೆಡಿಸುವ ನೊರೊವೈರಸ್‌ನದು. ಒಳಗೆ ಹೋದ 12ರಿಂದ 48 ಗಂಟೆಯಲ್ಲಿ ವಾಂತಿ ಭೇದಿ ಶುರು, ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಕಣ್ಣಿಗೆ ಕಾಣದ ಕೆಲವೇ ಕಣ ಸಾಕು. ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಇದು ಸರಿಯಾಗಿ ಬಗ್ಗುವುದಿಲ್ಲ, ಸೋಪು ನೀರಿನಲ್ಲಿ 20 ಸೆಕೆಂಡು ಉಜ್ಜಲೇಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹಡಗುಗಳ ಮೇಲೆ ಕಣ್ಣಿಟ್ಟಿರುತ್ತದೆ. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇಕಡಾ 3ರಷ್ಟು ಜನಕ್ಕೆ ಹೊಟ್ಟೆ ಕೆಟ್ಟರೆ ಆ ಪ್ರಯಾಣದ ವಿವರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತದೆ. ಐದು ಸಾವಿರ ಜನರ ಹಡಗಿನಲ್ಲಿ ಅಂದರೆ 150 ಜನ. ಒಂದೇ ಸೌಟನ್ನು ಒಂದು ಹೊತ್ತಿಗೆ ಎಷ್ಟು ಕೈ ಹಿಡಿಯುತ್ತವೆ ಅಂತ ಯೋಚಿಸಿದರೆ ಅದು ದೊಡ್ಡ ಸಂಖ್ಯೆ ಅನ್ನಿಸುವುದಿಲ್ಲ.

ಇಲ್ಲಿ ಕೈಯಲ್ಲಿ ಉಣ್ಣುವ ನಾವು ಒಂದು ಹೆಜ್ಜೆ ಜಾಸ್ತಿ ಇಡಬೇಕು. ಬಾಗಿಲಲ್ಲಿ ಕೈ ತೊಳೆದು ಬರುತ್ತೇವೆ ಸರಿ, ಆಮೇಲೆ ಹತ್ತು ಸೌಟು, ನಾಲ್ಕು ಇಕ್ಕಳ ಮುಟ್ಟಿ ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತೇವೆ. ತಟ್ಟೆಯನ್ನು ಮೇಜಿನಲ್ಲಿಟ್ಟು ಇನ್ನೊಂದು ಸಲ ತೊಳೆದು ಬನ್ನಿ. ಮತ್ತೆ ಬಡಿಸಿಕೊಳ್ಳಲು ಎದ್ದಾಗ ಉಂಡ ಕೈಯಲ್ಲಿ ಸೌಟು ಹಿಡಿಯಬೇಡಿ. ಮನೆಯಲ್ಲಿ ಎಡಗೈಯಲ್ಲಿ ಬಡಿಸಿಕೊಳ್ಳುತ್ತೇವಲ್ಲ, ಹಾಗೆ. ಎಂಜಲು ಅನ್ನುವ ಒಂದು ಮಾತಿನಲ್ಲಿ ನಮಗೆ ಇದೆಲ್ಲ ಗೊತ್ತು, ಪ್ರವಾಸ ಅಂದ ಕೂಡಲೇ ಮರೆಯುತ್ತೇವೆ ಅಷ್ಟೇ.

ಅಮ್ಮನದು ಪೂರಿ ಪ್ರಸಂಗ. ಮೂರನೇ ದಿನ ಬೆಳಗ್ಗೆ ಇಂಡಿಯನ್ ಮೂಲೆಯಲ್ಲಿ ಬಿಸಿ ಪೂರಿ ಬಂತು. ಅಮ್ಮ ಇಕ್ಕಳದಲ್ಲಿ ಎರಡು ಹಾಕಿಕೊಂಡರು, ಒಂದು ಸೀದಿತ್ತು. ಬೆರಳಲ್ಲಿ ಅದರ ಅಂಚು ಹಿಡಿದು ಮೆಲ್ಲಗೆ ಎತ್ತಿ ಟ್ರೇಗೆ ವಾಪಸು ಇಟ್ಟರು, ಬೇರೆ ತೆಗೆದುಕೊಂಡರು. ಪಾಪ, ದಂಡ ಮಾಡಬಾರದು ಅನ್ನುವುದೇ ಅವರ ಲೆಕ್ಕ. ಆ ಕಡೆ ನಿಂತಿದ್ದ ಹುಡುಗಿ ಏನೂ ಅನ್ನಲಿಲ್ಲ. ಇಡೀ ಟ್ರೇ ಎತ್ತಿಕೊಂಡು ಒಳಗೆ ಹೋದಳು. ಮೂವತ್ತು ಪೂರಿಯಾದರೂ ಇತ್ತು. ಹೊಸ ಟ್ರೇ ಬರುವ ತನಕ ಹಿಂದಿನವರೆಲ್ಲ ಕಾದರು, ಅಮ್ಮ ತಲೆ ಎತ್ತಲಿಲ್ಲ. ತಟ್ಟೆಗೆ ಬಿದ್ದದ್ದು ನಿಮ್ಮದು. ಸೀದಿದ್ದರೂ, ತಣ್ಣಗಿದ್ದರೂ, ತಪ್ಪಾಗಿ ಮಾಂಸ ಹಾಕಿಕೊಂಡಿದ್ದರೂ ವಾಪಸು ಇಡುವಂತಿಲ್ಲ.

ಪ್ರತಿ ಸಲಕ್ಕೂ ಹೊಸ ತಟ್ಟೆ. "ಪಾಪ ಯಾರು ತೊಳೀಬೇಕು, ಇದೇ ಸಾಕು" ಅಂತ ನಮ್ಮ ಹಿರಿಯರು ಉಂಡ ತಟ್ಟೆ ಹಿಡಿದು ಹೋಗುತ್ತಾರೆ. ಒಳ್ಳೆಯ ಮನಸ್ಸು, ಆದರೆ ಸೌಟು ಆ ತಟ್ಟೆಗೆ ತಾಗಿ ಮತ್ತೆ ಪಾತ್ರೆಗೆ ಹೋಗುತ್ತದೆ. ಪಲ್ಯದ ಸೌಟು ಪಾಯಸಕ್ಕೆ ಬೇಡ. ಮಾಂಸದ ಟ್ರೇಯಿಂದ ಸೌಟು ತಂದು ತರಕಾರಿಗೆ ಅದ್ದುವವರನ್ನು ನೋಡಿದರೆ ನೀವೇ ಜಗಳಕ್ಕೆ ಇಳಿಯಬೇಡಿ, ಸಿಬ್ಬಂದಿಗೆ ತೋರಿಸಿ, ಅವರು ಪಾತ್ರೆಯನ್ನೇ ಬದಲಾಯಿಸುತ್ತಾರೆ. ಬಗ್ಗಿ ಮೂಸುವುದು, ಗಾಜಿನ ಕೆಳಗೆ ತಲೆ ತೂರಿಸುವುದು ಬೇಡ. ಮಕ್ಕಳ ಪಕ್ಕದಲ್ಲಿ ನಿಂತು ನೀವೇ ಬಡಿಸಿ.

ಇನ್ನು ರಾಶಿ ಹಾಕಿಕೊಳ್ಳುವುದು. ಪಂಕ್ತಿಯಲ್ಲಿ ಹೋಳಿಗೆಯವನು ಮತ್ತೆ ಬರುತ್ತಾನೋ ಇಲ್ಲವೋ ಅನ್ನುವ ಭಯ ನಮ್ಮ ರಕ್ತದಲ್ಲಿದೆ. ಇಲ್ಲಿ ಸೀಗಡಿ, ಐಸ್‌ಕ್ರೀಮ್, ಮಾವಿನ ಹೋಳು ಯಾವುದೂ ಓಡಿಹೋಗುವುದಿಲ್ಲ, ಟ್ರೇ ಖಾಲಿಯಾಗುವ ಮುಂಚೆ ಇನ್ನೊಂದು ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರು ಟಿಕೆಟ್ ಮಾಡಿಸುವಾಗಲೇ ತಿಳಿಸಿ, ಹತ್ತಿದ ದಿನವೇ ಊಟದ ಹಾಲ್‌ನ ಮುಖ್ಯಸ್ಥರ ಹತ್ತಿರ ಇನ್ನೊಮ್ಮೆ ಹೇಳಿ. ಇಂಡಿಯನ್ ಬಾಣಸಿಗರು ಇದ್ದರಂತೂ ರಾತ್ರಿಗೆ ಬೇಳೆ ಸಾರು ನಿಮ್ಮ ಮೇಜಿಗೇ ಬರುತ್ತದೆ. ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ತರಬೇಡಿ. ಹತ್ತುವಾಗ ಸ್ಕ್ಯಾನ್‌ನಲ್ಲಿ ಸಿಕ್ಕಿಬೀಳುತ್ತದೆ.

ಬಫೆ ದಾಟಿದ ಮೇಲೆ

2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಹಡಗು ತುಂಬಿದರೆ ಸುಮಾರು 7,600 ಪ್ರಯಾಣಿಕರು. ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು ಜನ ಒಂದೇ ಕಟ್ಟಡದಲ್ಲಿ. ಲಿಫ್ಟ್ ಸಾಲದೆ ಹೋಗುವುದು ಸಹಜ. ಒಂದೆರಡು ಮಹಡಿಗೆ ಮೆಟ್ಟಿಲು ಬಳಸಿ, ಇಳಿಯುವವರು ಇಳಿಯಲಿ, ಗಾಲಿಕುರ್ಚಿಯವರು ಮೊದಲು ಹೋಗಲಿ.

ಪೂಲ್ ಪಕ್ಕದ ಒರಗು ಕುರ್ಚಿಗಳದ್ದು ದೊಡ್ಡ ಕಥೆ. ಬೆಳಗ್ಗೆ ಆರಕ್ಕೆ ಟವೆಲ್ ಹಾಸಿ, ಮೇಲೆ ಒಂದು ಚಪ್ಪಲಿ ಇಟ್ಟು, ಹತ್ತೂವರೆಗೆ ಬರುವ ಪುಣ್ಯಾತ್ಮರು ಪ್ರತಿ ಹಡಗಿನಲ್ಲೂ ಇದ್ದಾರೆ. ಬಸ್ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ನಮಗೆ ಇದನ್ನು ಬೈಯುವ ಹಕ್ಕು ಎಷ್ಟಿದೆಯೋ! ಬಹಳ ಹಡಗುಗಳಲ್ಲಿ ಇದಕ್ಕೆ ನಿಯಮ ಇದೆ. ಅರ್ಧ ಮುಕ್ಕಾಲು ಗಂಟೆ ಯಾರೂ ಬರದಿದ್ದರೆ ಸಿಬ್ಬಂದಿ ಸಾಮಾನು ಎತ್ತಿಡಬಹುದು. ನೀವೇ ಟವೆಲ್ ಎತ್ತಿ ಎಸೆಯಬೇಡಿ, ಪೂಲ್ ಸಿಬ್ಬಂದಿಯನ್ನು ಕರೆಯಿರಿ. ಒದ್ದೆ ಬಟ್ಟೆ, ಬರಿಗಾಲಿನಲ್ಲಿ ಬಫೆಗೆ ಬರಬೇಡಿ.

ಈಗ ಹಡಗಿನಲ್ಲೂ ಒಳ್ಳೆಯ ಇಂಟರ್ನೆಟ್ ಸಿಗುತ್ತದೆ, ಅದರ ಜೊತೆ ಸ್ಪೀಕರ್ ಹಾಕಿದ ವಿಡಿಯೋ ಕರೆಯೂ ಬಂದಿದೆ. ಊಟದ ಮೇಜಿನಿಂದ ದಾವಣಗೆರೆಯ ಚಿಕ್ಕಮ್ಮನಿಗೆ ಸಮುದ್ರ ತೋರಿಸುವುದು ತಪ್ಪಲ್ಲ, ಚಿಕ್ಕಮ್ಮನ ಉತ್ತರ ಮೂರು ಮೇಜಿಗೆ ಕೇಳಿಸುವುದು ತಪ್ಪು. ಕಿವಿಗೆ ಇಯರ್‌ಫೋನ್ ಹಾಕಿ. ಬಾಲ್ಕನಿಯಲ್ಲಿ ಸೇದುವವರನ್ನು ಮಾತ್ರ ಸುಮ್ನೆ ಬಿಡಬೇಡಿ, ತಕ್ಷಣ ದೂರು ಕೊಡಿ. 2006ರ ಮಾರ್ಚಿನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಗಳಿಗೆ ಬೆಂಕಿ ಬಿದ್ದು ಒಬ್ಬರು ಸತ್ತರು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣ ಇರಬೇಕು ಅಂತ ತನಿಖೆ ಹೇಳಿತು.

ಬಂದರಿನಲ್ಲಿ ಇಳಿದಾಗ ಫೋನಿನ ಗಡಿಯಾರ ನಂಬಬೇಡಿ, ಹಡಗಿನ ಸಮಯ ನೋಡಿ. ಬೇಸಿಗೆಯಲ್ಲಿ ಹೊಂಡುರಾಸ್‌ನ ರೊವಾಟಾನ್ ದ್ವೀಪ ಟೆಕ್ಸಸ್‌ಗಿಂತ ಒಂದು ಗಂಟೆ ಹಿಂದೆ. ಹಡಗು ಗ್ಯಾಲ್ವೆಸ್ಟನ್ ಸಮಯದಲ್ಲೇ ಇದ್ದರೆ, ಫೋನಿನಲ್ಲಿ ನಾಲ್ಕು ಅಂದಾಗ ಹಡಗಿನಲ್ಲಿ ಐದು. ಹಡಗು ಕಾಯುವುದಿಲ್ಲ. ದಡದಲ್ಲಿ ಓಡಿಬರುವವರನ್ನು ಡೆಕ್ ಮೇಲಿಂದ ಚಪ್ಪಾಳೆ ತಟ್ಟಿ ನೋಡುವ ಜನ ಇರುತ್ತಾರೆ, ನೀವು ಮೇಲಿರುವುದು ಒಳ್ಳೆಯದು.

ಕೊನೆಯ ಬೆಳಗ್ಗೆ ಬಫೆಯಿಂದ ಹಣ್ಣು ಕಟ್ಟಿಕೊಂಡು ಇಳಿಯಬೇಡಿ. ಅಮೆರಿಕದಲ್ಲಿ ಹಣ್ಣನ್ನು ಹೇಳದೆ ಒಳಗೆ ತಂದರೆ ದಂಡ ಬೀಳಬಹುದು. ಇಳಿಯುವ ಸಾಲಿನಲ್ಲಿ ನಿಂತಿದ್ದಾಗ ಇದನ್ನು ಹೇಳಿದೆ. ಅಮ್ಮ ಮೆಲ್ಲಗೆ ಚೀಲ ತೆರೆದರು. ಟಿಶ್ಯೂ ಕಾಗದದಲ್ಲಿ ಸುತ್ತಿದ ನಾಲ್ಕು ಬಾಳೆಹಣ್ಣು. ಅಲ್ಲೇ ನಿಂತು ಹಿರಿಯರು ನಾಲ್ವರೂ ಒಂದೊಂದು ತಿಂದರು. ಸಿಪ್ಪೆ ಹಿಡಿದುಕೊಂಡು ನಾನು ಕಸದ ಡಬ್ಬಿ ಹುಡುಕಲು ಹೋದೆ. ವಾಪಸು ಬಂದು ಅಪ್ಪನ ಪಕ್ಕ ನುಸುಳಲು ನೋಡಿದರೆ, ಅವರು ಹಿಂದಕ್ಕೆ ಬೆರಳು ತೋರಿಸಿದರು.

"ಬಾಲ ಅಲ್ಲಿದೆ ನೋಡು."